ರಸ್ತೆ ಮೇಲೆ ಹುರುಳಿ, ಸೈಕಲ್ ಮೇಲೆ ಅಕ್ಕಂದಿರು

ಹೋದ ವರ್ಷ ಸಂಕ್ರಾಂತಿ ಕಳೆದ ಮೊದಲನೇ ಭಾನುವಾರ. ಬೆಳಿಗ್ಗೆ ಏಳು ಗಂಟೆ ಇರಬಹುದು. ಡೇರಿಗೆ ಹಾಲು ಹಾಕಿ ಬಂದು ಟೀಗೆ ನೀರಿಟ್ಟಿದ್ದೆ. ಹೊರಗೆ "ಅಮ್ಮಾ" ಅಂತ ಒಂದು ಕೂಗು, ಹಿಂದೆಯೇ ಕಬ್ಬಿಣ ಬಿದ್ದ ಸದ್ದು. ಓಡಿಬಂದು ನೋಡಿದರೆ ಮನೆ ಮುಂದಿನ ಟಾರು ರಸ್ತೆಯಲ್ಲಿ, ನಮ್ಮಪ್ಪ ಹಿಂದಿನ ದಿನ ಹರಡಿದ್ದ ಹುರುಳಿ ಮೇಲೆ, ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಿದ್ದಿದ್ದರು. ಸೈಕಲ್ಲು ಒಂದು ಕಡೆ, ಅವರು ಒಂದು ಕಡೆ. ಹೆಲ್ಮೆಟ್ಟು ಬಿರುಕು ಬಿಟ್ಟಿತ್ತು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು.

ನಮ್ಮೂರು ರಾಮೋಹಳ್ಳಿ ದಾಟಿ ದೊಡ್ಡಾಲದ ಮರದ ಕಡೆಗೆ ಹೋಗುವಾಗ ಒಳಗಡೆ ಸಿಗುತ್ತೆ. ಭಾನುವಾರ ಬಂತೆಂದರೆ ಈ ದಾರಿಯಲ್ಲಿ ಸೈಕಲ್‌ನವರು ಜಾಸ್ತಿ. ಅವತ್ತು ಬಂದಿದ್ದ ಹದಿನೈದು ಜನರೂ ಹೆಣ್ಣುಮಕ್ಕಳೇ. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದವರು. ಬ್ಯಾಂಕಿನಲ್ಲಿರುವವರು, ಟೀಚರುಗಳು, ಮನೆ ನೋಡಿಕೊಳ್ಳುವವರು, ಎಲ್ಲ ಥರದವರೂ ಇದ್ದರು. ತಿಂಗಳಿಗೆ ಎರಡು ಭಾನುವಾರ ಇನ್ನೂ ಕತ್ತಲಿರುವಾಗಲೇ ಮನೆ ಬಿಟ್ಟು ಕೆಂಗೇರಿಯಲ್ಲಿ ಸೇರುತ್ತಾರೆ. ಅಲ್ಲಿಂದ ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿ ಮೇಲೆ ಆಲದ ಮರಕ್ಕೆ ಬರುತ್ತಾರೆ. ಅವರನ್ನು ನಾವು ಬಹಳ ಸಲ ನೋಡಿದ್ದೆವು, ನಕ್ಕೂ ಇದ್ದೆವು. "ದುಡ್ಡು ಜಾಸ್ತಿ ಆದ್ರೆ ಹಿಂಗೇ, ಕಾರ್ ಬಿಟ್ಟು ಸೈಕಲ್ ತುಳೀತಾರೆ" ಅನ್ನೋದು ನಮ್ಮೂರ ಅಂಗಡಿ ಕಟ್ಟೆ ಮಾತು.

ಹುರುಳಿ ಬಳ್ಳಿ ನಿಮಗೆ ಗೊತ್ತಲ್ಲ, ಒಣಗಿದರೂ ನಾರಿನ ಬಿಗಿ ಬಿಡಲ್ಲ. ರಾತ್ರಿ ಇಬ್ಬನಿಗೆ ನೆನೆದು ಜಾರುತ್ತಿತ್ತು. ಅದರ ಅಡಿಯಲ್ಲಿ ರಸ್ತೆ ಗುಂಡಿಯೊಂದು ಮುಚ್ಚಿಹೋಗಿತ್ತು. ಮುಂದಿನ ಚಕ್ರ ಗುಂಡಿಗೆ ಇಳಿದಿದೆ, ಹಿಂದಿನ ಗೇರಿಗೆ ಬಳ್ಳಿ ಸುತ್ತಿಕೊಂಡಿದೆ. ಸಾಲದ್ದಕ್ಕೆ ಗಾಡಿಯವರು ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗಬಾರದು ಅಂತ ಅಪ್ಪ ಅಂಚಿಗೆ ದಪ್ಪ ಕಲ್ಲು ಬೇರೆ ಇಟ್ಟಿದ್ದ. ಅವರ ತಲೆ ಬಡಿದದ್ದು ಆ ಕಲ್ಲಿಗೇ. ಹೆಲ್ಮೆಟ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಇವತ್ತಿಗೂ ಯೋಚನೆ ಬರುತ್ತೆ.

ಯಾರೂ ಬೈಯಲಿಲ್ಲ. ಒಬ್ಬರು ಗಾಯ ತೊಳೆದು ಪಟ್ಟಿ ಕಟ್ಟಿದರು, ಇನ್ನೊಬ್ಬರು ಕೂತು ಬೆರಳಲ್ಲೇ ಗೇರಿನಿಂದ ಬಳ್ಳಿ ಬಿಡಿಸತೊಡಗಿದರು. ಅದಕ್ಕೇ ಇಪ್ಪತ್ತು ನಿಮಿಷ ಹಿಡಿಯಿತು. ಅಪ್ಪ ಮಾತ್ರ ಜಗಲಿ ಮೇಲಿಂದಲೇ, "ರಸ್ತೆ ನೋಡ್ಕೊಂಡು ಓಡಿಸ್ಬಾರ್ದೇನಮ್ಮ?" ಅಂದ.

ಬಳ್ಳಿ ಬಿಡಿಸುತ್ತಿದ್ದವರು ತಲೆ ಎತ್ತಿದರು. ಅವರ ತವರು ಮಾಗಡಿ ಕಡೆ. "ಅಣ್ಣ, ನಮ್ಮಪ್ಪನೂ ಹಿಂಗೇ ಹಾಕ್ತಿದ್ದ. ಒಂದಿನ ಬೈಕಲ್ಲಿ ಬಂದೋನು ಬಿದ್ದು ಕಾಲು ಮುರ್ಕೊಂಡ. ಪಂಚಾಯ್ತಿ ಸೇರಿಸಿ ಆಸ್ಪತ್ರೆ ಖರ್ಚು ಕೊಡು ಅಂದ್ರು. ಎರಡು ಹಸು ಮಾರಿ ಕೊಟ್ವಿ. ಆ ವರ್ಷದ ಹುರುಳಿ ಎಷ್ಟಾಗಿತ್ತು ಗೊತ್ತಾ? ಮೂರು ಮೂಟೆ."

ಅಪ್ಪ ಎದ್ದು ಕಲ್ಲುಗಳನ್ನು ತೆಗೆದ. ಹುರುಳಿ ತೆಗೆಯಲಿಲ್ಲ.

ಅಪ್ಪನ ಕಡೆಯದೂ ಹೇಳಬೇಕು. ನಾನು ಚಿಕ್ಕವಳಿದ್ದಾಗ ನಮಗೆ ಕಣ ಇತ್ತು. ಸುಗ್ಗಿ ಬಂದರೆ ನೆಲ ಕೆತ್ತಿ, ನೀರು ಚಿಮುಕಿಸಿ, ಗುಂಡು ಹೊಡೆದು, ಸಗಣಿ ಬಗ್ಗಡ ಸಾರಿಸಿ ಕಣ ಮಾಡುತ್ತಿದ್ದರು. ಎತ್ತು ಕಟ್ಟಿ ರೋಣಗಲ್ಲು ಎಳೆಸುತ್ತಿದ್ದರು. ಈಗ ಆ ಜಾಗದಲ್ಲಿ ಲೇಔಟಿನ ಸೈಟು ಕಲ್ಲುಗಳಿವೆ. ಎತ್ತೂ ಇಲ್ಲ, ಮೊರ ಹಿಡಿದು ತೂರೋಕೆ ಆಳೂ ಸಿಗಲ್ಲ. ಮನೆ ಮುಂದೆ ಗಟ್ಟಿ ನೆಲ ಅಂತ ಇರೋದು ರಸ್ತೆ ಒಂದೇ, ಅದರ ಮೇಲೆ ಬಿಟ್ಟಿಯಾಗಿ ಒಕ್ಕಿಕೊಡೋಕೆ ಗಾಡಿಗಳಿವೆ. ಸೋಮಾರಿತನ ಅಂತ ಬರೆಯುವವರು ಒಂದು ಸಲ ನಮ್ಮೂರಿಗೆ ಬಂದು ಒಂದೆಕರೆ ರಾಗಿ ಒಕ್ಕಿ ನೋಡಲಿ.

ಹೊರಡುವಾಗ ಮಾಗಡಿಯ ಅಕ್ಕ ನನ್ನ ನಂಬರ್ ತಗೊಂಡು, "ಮುಂದಿನ ಸಲ ನೀನೂ ಬಾರಮ್ಮ, ನಿಮ್ಮ ಊರ ದಾರಿ ನೀನೇ ತೋರಿಸು" ಅಂದರು. ನನ್ನ ಹತ್ತಿರ ಸೈಕಲ್ ಇತ್ತು. ಸರ್ಕಾರ 2006-07ರಲ್ಲಿ ಶುರು ಮಾಡಿದ ಎಂಟನೇ ಕ್ಲಾಸಿನ ಉಚಿತ ಸೈಕಲ್ ಯೋಜನೆಯಲ್ಲಿ ಸಿಕ್ಕಿದ್ದು. ಹೈಸ್ಕೂಲು ಮುಗಿಯೋವರೆಗೂ ಓಡಿಸಿ ಆಮೇಲೆ ಕೊಟ್ಟಿಗೆಯಲ್ಲಿ ನೇತುಹಾಕಿದ್ದೆ, ಕೋಳಿ ಅದರ ಮೇಲೆ ಮಲಗುತ್ತಿದ್ದವು. ಎರಡು ಟೈರು, ಎರಡು ಟ್ಯೂಬು, ಬ್ರೇಕ್ ಕಟ್ಟೆ ಹಾಕಿಸಿ, ಚೈನಿಗೆ ಎಣ್ಣೆ ಬಿಟ್ಟೆ. ಎರಡು ವಾರ ಬಿಟ್ಟು ಅವರ ಜೊತೆ ಹೊರಟೆ.

ಗೇರಿಲ್ಲದ ಸೈಕಲ್ಲು, ಚೂಡಿದಾರು. ಏರು ಬಂದಾಗ ಅವರು ಮುಂದೆ ಹೋಗಿಬಿಡುತ್ತಾರೆ ಅಂದುಕೊಂಡಿದ್ದೆ. ಆದರೆ ದಿನಾ ಹುಲ್ಲಿನ ಹೊರೆ ಹೊರುವ ಕಾಲು ನನ್ನದು, ಏರಿನಲ್ಲಿ ಹಿಂದೆ ಬಿದ್ದವರು ಅವರೇ!

ದೊಡ್ಡಾಲದ ಮರದ ಹತ್ತಿರ ನಿಂತೆವು. ನಾನೂರು ವರ್ಷದ ಮರ ಅಂತಾರೆ, ಸುಮಾರು ಮೂರು ಎಕರೆ ಹಬ್ಬಿದೆ. ಮೂಲ ಕಾಂಡ ರೋಗ ಬಂದು ಹೋಗಿ ಎಷ್ಟೋ ವರ್ಷವಾಯಿತು, ಬಿಳಲುಗಳೇ ಮರವನ್ನು ಹೊತ್ತುಕೊಂಡಿವೆ. ಕೋತಿ ಕಾಟಕ್ಕೆ ಬಾಳೆಹಣ್ಣು ಅಡಗಿಸಿಕೊಂಡು ತಿನ್ನುತ್ತಿರುವಾಗ ಟೀಚರ್ ಒಬ್ಬರು ತಮಿಳುನಾಡಿನ ಪುದುಕೋಟೆಯ ವಿಷಯ ತೆಗೆದರು. 1991ರಲ್ಲಿ ಅಲ್ಲಿ ಸಾಕ್ಷರತಾ ಆಂದೋಲನ ಶುರುವಾದಾಗ ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಅಕ್ಷರದ ಜೊತೆ ಸೈಕಲ್ಲನ್ನೂ ಸೇರಿಸಿದರಂತೆ. ಕೆಲವೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರು ಸೈಕಲ್ ಕಲಿತರು. ಕೂಲಿಯವರು, ಕಲ್ಲುಕ್ವಾರಿಯವರು, ತಾವು ಬೆಳೆದದ್ದನ್ನು ತಾವೇ ಮಾರಲು ಹೊತ್ತೊಯ್ಯುವವರು. ಕೇಳುತ್ತಾ ನಮ್ಮಮ್ಮನ ನೆನಪಾಯಿತು. ಅವರೇಕಾಯಿ ಮೂಟೆ ತಲೆ ಮೇಲಿಟ್ಟುಕೊಂಡು ಬಸ್ಸಿಗೆ ಕಾದದ್ದು ಎಷ್ಟು ವರ್ಷವೋ.

ಅಲ್ಲಿಂದ ಚುಂಚನಕುಪ್ಪೆ ಮೇಲೆ ತಾವರೆಕೆರೆ ಕಡೆಗೆ ಹೋದೆವು. ಈ ದಾರಿಯಲ್ಲಿ ಬೈಕಲ್ಲಿ ನೂರಾರು ಸಲ ಹೋಗಿದ್ದೇನೆ. ಸೈಕಲ್‌ನಲ್ಲಿ ಬೇರೆಯೇ ಕಾಣುತ್ತೆ. ಕೊಯ್ದ ರಾಗಿ ಹೊಲದ ಕೂಳೆ, ಹೊಲದ ಮೂಲೆಯಲ್ಲಿ ಒಟ್ಟಿದ ಮೆದೆ, ಬೇಲಿ ಪಕ್ಕ ಅವರೆ ಸೊಗಡು, ಎರಡು ಹೊಲಕ್ಕೊಂದು ಸೈಟು ಮಾರಾಟದ ಬೋರ್ಡು. ಅಕ್ಕಡಿ ಸಾಲಿನ ಬಗ್ಗೆ ಅವರು ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳಿ ಗಂಟಲು ಒಣಗಿತು. ರಾಗಿ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು ಯಾಕೆ ಹಾಕ್ತೀವಿ ಅಂತ ನಮ್ಮೂರ ಹುಡುಗರೇ ನನ್ನನ್ನು ಒಂದು ದಿನವೂ ಕೇಳಿದ್ದಿಲ್ಲ.

ಆದರೆ ನೋಡಬೇಕಾದ್ದು ರಸ್ತೆ ಮೇಲೆಯೇ ಇತ್ತು. ನಾಲ್ಕು ಕಡೆ ಒಕ್ಕಣೆ. ಮೊದಲನೇ ಕಡೆ ಇಳಿಜಾರು, ತಿರುವು, ತಿರುಗಿದ ತಕ್ಷಣ ಮೊಣಕಾಲುದ್ದ ರಾಗಿ ತೆನೆ. ಬ್ರೇಕ್ ಹಿಡಿದರೆ ಸೈಕಲ್ಲು ಹಿಂದಿನಿಂದ ಅಡ್ಡಕ್ಕೆ ಜಾರಿತು. ಕಾಲೂರಿ ಹೇಗೋ ನಿಂತೆ, ಎದೆ ಮಾತ್ರ ಹೊಡೆದುಕೊಳ್ಳುತ್ತಲೇ ಇತ್ತು. ಇಷ್ಟು ವರ್ಷ ನಾನು ರಾಶಿಯ ಆ ಬದಿಯಲ್ಲಿ ಪೊರಕೆ ಹಿಡಿದು ನಿಂತವಳು, ಈ ಬದಿ ಹೀಗಿರುತ್ತೆ ಅಂತ ಗೊತ್ತೇ ಇರಲಿಲ್ಲ. ಎಲ್ಲರೂ ಇಳಿದು ಸೈಕಲ್ ತಳ್ಳಿಕೊಂಡು ನಡೆದೆವು. ರಾಗಿ ತಿರುವುತ್ತಿದ್ದ ಅಜ್ಜಿ, "ತುಳ್ಕೊಂಡೇ ಹೋಗ್ರಮ್ಮ, ನಮ್ಗೂ ಒಳ್ಳೇದು" ಅಂತು. ನಮ್ಮನೆ ಮುಂದೆ ಆದದ್ದನ್ನು ಹೇಳಿದೆ. "ಹೌದಾ ತಾಯಿ" ಅಂದು ಸುಮ್ಮನಾಯಿತು.

ಇನ್ನೊಂದು ವಿಷಯ ಅವತ್ತೇ ಹೊಳೆದದ್ದು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೋ, ಸೈಕಲ್ಲು ಬಿಡಲ್ಲ. ಟ್ರ್ಯಾಕ್ಟರನ್ನೂ ಬಿಡಲ್ಲ. ನಿಧಾನದ ಗಾಡಿಗಳೆಲ್ಲ ಸರ್ವೀಸ್ ರಸ್ತೆಗೆ, ಹಳ್ಳಿ ದಾರಿಗೆ ಬಂದಿವೆ. ನಮ್ಮ ಟ್ರ್ಯಾಕ್ಟರಿಗೂ ಅವರ ಸೈಕಲ್ಲಿಗೂ ಉಳಿದಿರೋದು ಇದೇ ದಾರಿ, ಅದರ ಮೇಲೇ ನಾವು ಕಣ ಮಾಡುತ್ತಿದ್ದೇವೆ.

ಮನೆಗೆ ಬಂದು ಲೆಕ್ಕ ಹಾಕಿದೆ. ರಸ್ತೆ ರಾಗಿಯಲ್ಲಿ ಕಲ್ಲು, ಟಾರಿನ ಚೂರು, ಮಣ್ಣು ಸೇರುತ್ತೆ. ವಂದರಿ ಹಿಡಿದರೂ ರಾಗಿ ಗಾತ್ರದ ಮರಳು ಹೋಗಲ್ಲ. ಖರೀದಿ ಕೇಂದ್ರದಲ್ಲಿ ಕಲ್ಲುಮಣ್ಣಿನ ರಾಗಿ ವಾಪಸ್ ಬರುತ್ತೆ, ತೇವಾಂಶ ಶೇ. 12 ದಾಟಬಾರದು. 2025-26ಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ವಾಪಸ್ ಬಂದ ಮೂಟೆಯನ್ನು ಹೊರಗಡೆ ಸಿಕ್ಕ ರೇಟಿಗೆ ಕೊಡಬೇಕು. ಹುರುಳಿ ಹೊಟ್ಟು ಕಾರಿನ ಅಡಿ ಸಿಕ್ಕಿ, ಬಿಸಿ ಸೈಲೆನ್ಸರಿಗೆ ತಾಗಿ ಬೆಂಕಿ ಹತ್ತಿದ ಸುದ್ದಿಯನ್ನು ನೀವೂ ಓದಿರುತ್ತೀರಿ. ಜನ ಓಡಾಡುವ ದಾರಿಗೆ ಅಡ್ಡಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ 5,000 ರೂಪಾಯಿವರೆಗೆ ದಂಡವೂ ಇದೆ.

ಈ ವರ್ಷ ನಾಲ್ಕು ಮನೆಯವರು ಸೇರಿ ರಾಗಿಗೆ ಒಕ್ಕಣೆ ಮಿಷನ್ ಬಾಡಿಗೆಗೆ ತರಿಸಿದೆವು. ಒಬ್ಬರ ಮನೆಗೆ ಅಂದರೆ ಮಿಷನ್ನಿನವರು ಬರಲ್ಲ, ನಾಲ್ಕು ಮೆದೆ ಒಂದೇ ಕಡೆ ಒಟ್ಟಿದರೆ ಬರುತ್ತಾರೆ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸುಗ್ಗಿಗೆ ಮೊದಲೇ ಹೆಸರು ಬರೆಸಿ, ಸುಗ್ಗಿಯಲ್ಲಿ ಹೋದರೆ ಸಿಗಲ್ಲ. ತೆನೆ ಚೆನ್ನಾಗಿ ಒಣಗಿರಲಿ, ಹಸಿ ಇದ್ದರೆ ಕಾಳು ಬಿಡದೆ ಹುಲ್ಲಿನ ಜೊತೆ ಹೋಗುತ್ತೆ. ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಟಾರ್ಪಾಲು ಬಂದಾಗ ಬಿಡಬೇಡಿ, ಫ್ರೂಟ್ಸ್ ಐಡಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಬೆಂಬಲ ಬೆಲೆಗೆ ರಾಗಿ ಬಿಡೋಕೂ ಅದೇ ಬೇಕು.

ಹುರುಳಿಗೆ ಇನ್ನೂ ಸರಿಯಾದ ದಾರಿ ಸಿಕ್ಕಿಲ್ಲ. ಮೂರು ಮೂಟೆ ಹುರುಳಿಗೆ ಮಿಷನ್ ಕರೆಸಿದರೆ ಬಾಡಿಗೆ ಹುಟ್ಟಲ್ಲ. ಮನೆ ಹಿಂದೆ ಹಸು ಕಟ್ಟುವ ಜಾಗ ಸಮ ಮಾಡಿ, ಎರಡು ಟಾರ್ಪಾಲು ಹಾಸಿ ಕೋಲಲ್ಲಿ ಬಡಿಯುತ್ತಿದ್ದೇವೆ. ಅಮ್ಮನೂ ನಾನೂ ಎರಡು ದಿನ ಬಡಿದರೂ ಅರ್ಧ ಆಗಿಲ್ಲ, ಭುಜ ಬಿದ್ದುಹೋಗಿದೆ. ಬೇರೆ ಉಪಾಯ ಮಾಡಿರುವವರಿದ್ದರೆ ದಯವಿಟ್ಟು ಹೇಳಿ.

ಮೊಣಕೈಗೆ ಏಟಾಗಿದ್ದ ಅಕ್ಕ ಮೂರು ತಿಂಗಳು ಸೈಕಲ್ ಮುಟ್ಟಲಿಲ್ಲ. ಈಗ ಬರುತ್ತಾರೆ. ನಮ್ಮನೆ ಹತ್ತಿರ ಬಂದಾಗ ಗಾಡಿ ನಿಧಾನ ಮಾಡಿ ರಸ್ತೆ ನೋಡುತ್ತಾರೆ, ಆಮೇಲೆ ಜಗಲಿ ನೋಡುತ್ತಾರೆ. ಹೋದ ಭಾನುವಾರ ಅಪ್ಪ, "ಏನೂ ಹಾಕಿಲ್ಲ ಹೋಗಮ್ಮ" ಅಂತ ಕೂಗಿದ. ಅವರು ಮುಂದೆ ಹೋದ ಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ನಾಳೆ ಮೋಡ ಏನಾದ್ರೂ ಕಟ್ಟಿದ್ರೆ ಮಾತ್ರ ನಾನು ರಸ್ತೆಗೇ ಹಾಕೋದು, ಹೇಳಿದೀನಿ" ಅಂದ. ಫೋನಲ್ಲಿ ಹವಾಮಾನ ನೋಡಿದೆ. ಬುಧವಾರದವರೆಗೆ ಬಿಸಿಲು ತೋರಿಸುತ್ತಿತ್ತು.