43 ದಿನದ ಗೆರೆ

ಡ್ರೂ ಮ್ಯಾಗಿ ಹೆಸರು ಬೇಸ್‌ಬಾಲ್ ನೋಡುವವರಲ್ಲೂ ಹಲವರಿಗೆ ಗೊತ್ತಿರಲಿಕ್ಕಿಲ್ಲ. ಮೈನರ್ ಲೀಗ್‌ಗಳಲ್ಲಿ 1,100ಕ್ಕೂ ಹೆಚ್ಚು ಪಂದ್ಯ ಆಡಿದ ಮೇಲೆ, 2023ರ ಏಪ್ರಿಲ್ 26ರಂದು, 33ನೇ ವಯಸ್ಸಿನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಪರ ಮೊದಲ ಸಲ ಮೇಜರ್ ಲೀಗ್ ಅಂಗಳಕ್ಕಿಳಿದರು. ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೆಲವೇ ಪಂದ್ಯಗಳ ನಂತರ ಮತ್ತೆ ಮೈನರ್ ಲೀಗ್.

ಈಗ ದುಡ್ಡಿನ ಲೆಕ್ಕ. ಆ ವರ್ಷ ಮೇಜರ್ ಲೀಗ್‌ನಲ್ಲಿ ಕನಿಷ್ಠ ಸಂಬಳ 7.2 ಲಕ್ಷ ಡಾಲರ್. ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ಹಂತದಲ್ಲಿ 30,250. ಮೇಲಿನ ಸುಮಾರು ಎಂಟು ದಿನದ ಸಂಬಳ ಕೆಳಗಿನ ಒಂದು ವರ್ಷಕ್ಕೆ ಸಮ! ಆದರೆ ತಂಡದಲ್ಲಿದ್ದಷ್ಟು ದಿನಕ್ಕೆ ಮಾತ್ರ ಆ ಸಂಬಳ.

ಅದಕ್ಕಿಂತ ದೊಡ್ಡ ಗೆರೆ ಇನ್ನೊಂದಿದೆ. ಮೇಜರ್ ಲೀಗ್‌ನಲ್ಲಿ 43 ದಿನ ಪೂರೈಸಿದರೆ ಪಿಂಚಣಿಗೆ ಅರ್ಹತೆ. 42 ದಿನಕ್ಕೆ ಇಲ್ಲ.

ಅಮೆರಿಕದಲ್ಲಿರುವ ನಮಗೂ ಇಂಥ ಗೆರೆಗಳಿವೆ. ಸೋಶಿಯಲ್ ಸೆಕ್ಯೂರಿಟಿಯ ನಿವೃತ್ತಿ ಪಿಂಚಣಿಗೆ 40 ಕ್ರೆಡಿಟ್ ಬೇಕು, ಅಂದರೆ ಹತ್ತು ವರ್ಷದ ದುಡಿಮೆ. ಒಂಬತ್ತಕ್ಕೇ ಊರಿಗೆ ಹೊರಟು ಮತ್ತೆ ಬರದಿದ್ದರೆ ಪಿಂಚಣಿಯೂ ಇಲ್ಲ, ಕಟ್ಟಿದ್ದೂ ವಾಪಸ್ಸಿಲ್ಲ. ಕಂಪನಿ ಷೇರುಗಳ ವೆಸ್ಟಿಂಗ್ ಕೂಡ ಹಾಗೇ.

ರಾಜೀನಾಮೆ ಕೊಡುವ ಮುನ್ನ, ನಿಮ್ಮ ಗೆರೆ ಇನ್ನೆಷ್ಟು ದಿನ ದೂರವಿದೆ ಅಂತ ಒಮ್ಮೆ ನೋಡಿಕೊಳ್ಳಿ.