ಚೂರಾದ ರೊಟ್ಟಿ ಯಾರ ತಟ್ಟೆಗೆ?

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಂಜೆಯ ಲೆಕ್ಕದಲ್ಲಿ ಹತ್ತು ಪೈಸೆ ಹೆಚ್ಚುಕಮ್ಮಿಯಾದರೂ ಅದು ಸಿಕ್ಕುವವರೆಗೆ ಯಾರೂ ಮನೆಗೆ ಹೋಗುವಂತಿರಲಿಲ್ಲ. ಹಾಗಾಗಿ ತಪ್ಪು ಎಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಎಪ್ಪತ್ತು ದಾಟಿದರೂ ಒಂದು ಲೋಟ ಕಾಫಿ ಮಾಡಿದವನಲ್ಲ.

ಹೋದ ಮಳೆಗಾಲದಲ್ಲಿ ನನ್ನಾಕೆ ಹಿತ್ತಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಆರು ವಾರ ಪ್ಲಾಸ್ಟರ್. ಮಗ, ಸೊಸೆ ಬೆಳಗ್ಗೆಯೇ ಕೆಲಸಕ್ಕೆ ಹೊರಡುವವರು. ಐದನೇ ತರಗತಿಯ ಮೊಮ್ಮಗಳು, "ತಾತ, ಟಿವಿ ನೋಡಿ ಕಲಿಯೋಣ ಬಾ" ಎಂದಳು.

ಮೊದಲು ಸಿಕ್ಕಿದ್ದು ಅಡುಗೆ ಸ್ಪರ್ಧೆ. ಒಂದು ಕಡೆ ಗಡಿಯಾರ ಓಡುತ್ತಿದೆ, ಇನ್ನೊಂದು ಕಡೆ ತೀರ್ಪುಗಾರರು ಮುಖ ಸಿಂಡರಿಸುತ್ತಿದ್ದಾರೆ. ನನಗೆ ಆಡಿಟ್ ದಿನಗಳು ನೆನಪಾದವು! "ಬೇರೆ ಹಾಕಮ್ಮ" ಎಂದೆ. ಆಗ ಬಂದದ್ದು ಸಿಹಿಕಹಿ ಚಂದ್ರು ಅವರ 'ಬೊಂಬಾಟ್ ಭೋಜನ'. ಹರಟುತ್ತಾ, ನಗುತ್ತಾ, ಪಕ್ಕದ ಮನೆಯವರು ಅಡುಗೆ ಮಾಡಿದ ಹಾಗೆ. ನಾನು ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡೆ.

ನನ್ನ ಉತ್ಸಾಹ ಕಂಡು ಮಗ ಒಂದು ಹಳೆಯ ಅಮೆರಿಕನ್ ಕಾರ್ಯಕ್ರಮವನ್ನೂ ಹುಡುಕಿ ತೋರಿಸಿದ. ಅದು 1963ರಲ್ಲಿ ಬಾಸ್ಟನ್ ನಗರದಲ್ಲಿ ಶುರುವಾದ 'ದಿ ಫ್ರೆಂಚ್ ಶೆಫ್'. ನಡೆಸುತ್ತಿದ್ದವರು ಜೂಲಿಯಾ ಚೈಲ್ಡ್. ಆರಡಿಗೂ ಮಿಕ್ಕ ಎತ್ತರದ ಹೆಂಗಸು. ಮಕ್ಕಳೇ, ಪ್ಯಾರಿಸ್ಸಿನ ಅಡುಗೆ ಶಾಲೆಗೆ ಸೇರಿದಾಗ ಅವರಿಗೆ 37 ವರ್ಷ. ಈ ಕಾರ್ಯಕ್ರಮ ಶುರುವಾದಾಗ 50!

ಒಂದು ಕಂತಿನಲ್ಲಿ ಅವರು ಬಾಣಲೆಯನ್ನು ಎತ್ತಿ ಆಲೂಗಡ್ಡೆಯ ರೊಟ್ಟಿಯೊಂದನ್ನು ಹಾರಿಸಿ ಮಗುಚಲು ಹೋದರು. ಅರ್ಧ ಬಾಣಲೆಗೆ, ಅರ್ಧ ಒಲೆಯ ಮೇಲೆ! ಅವರು ಗಾಬರಿಯಾಗಲಿಲ್ಲ. ಬಿದ್ದದ್ದನ್ನು ಎತ್ತಿ ಮತ್ತೆ ಬಾಣಲೆಗೆ ಹಾಕಿ, ಅಡುಗೆಮನೆಯಲ್ಲಿ ಒಬ್ಬರೇ ಇದ್ದರೆ ನೋಡುವವರು ಯಾರು ಎಂಬರ್ಥದ ಮಾತಾಡಿದರು. ಇಡೀ ಕೋಳಿಯನ್ನೇ ನೆಲಕ್ಕೆ ಬೀಳಿಸಿದರೆಂದು ಜನ ಕಥೆ ಕಟ್ಟಿದ್ದಾರೆ. ನಿಜವಾಗಿ ಬಿದ್ದದ್ದು ಆಲೂಗಡ್ಡೆ, ಅದೂ ಒಲೆಯ ಮೇಲೆ. ಆ ತುಣುಕನ್ನು ಕತ್ತರಿಸದೆ ಹಾಗೆಯೇ ತೋರಿಸಿದ್ದಾರೆ.

ಮಾರನೆಯ ದಿನ ನಾನು ಅಕ್ಕಿರೊಟ್ಟಿಗೆ ಕೈಹಾಕಿದೆ. ಈರುಳ್ಳಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ ಎಲ್ಲ ಹಾಕಿ ಕಲಸಿ, ಕಾವಲಿಗೆ ಎಣ್ಣೆ ಸವರಿ ತಟ್ಟಿದೆ. ಮಗುಚಿದೆ. ಮೂರು ಚೂರು! ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ಜೂಲಿಯಾ ಅವರನ್ನು ನೆನೆದು ಚೂರುಗಳನ್ನು ಕಾವಲಿಯಲ್ಲೇ ಜೋಡಿಸಿ ಒತ್ತಿದೆ.

ಬಾಗಿಲಲ್ಲಿ ನಿಂತಿದ್ದ ನನ್ನಾಕೆ ಹೇಳಿದಳು: "ಅಕ್ಕಿಹಿಟ್ಟಿಗೆ ಗೋಧಿಹಿಟ್ಟಿನ ಜಿಗುಟು ಇರಲ್ಲಾರೀ. ಬಿಸಿನೀರಲ್ಲಿ ಕಲಸಬೇಕು, ಅಂಚು ಬಿಟ್ಟುಕೊಂಡ ಮೇಲೆ ಮಗುಚಬೇಕು."

"ನಿನ್ನದು ಒಂದು ದಿನವೂ ಚೂರಾಗಿದ್ದು ನೋಡಲಿಲ್ಲವಲ್ಲೇ?"

"ಯಾಕಾಗಲ್ಲ? ಇಡೀದು ನಿಮ್ಮ ತಟ್ಟೆಗೆ ಹಾಕ್ತಿದ್ದೆ, ಚೂರಾದದ್ದು ನಾನು ತಿಂತಿದ್ದೆ. ನೀವು ಒಳಗೆ ಬಂದು ನೋಡಿದ್ರೆ ತಾನೆ?"

ಅವಳು ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಹತ್ತು ಪೈಸೆ ಹುಡುಕಿ ತೆಗೆಯುತ್ತಿದ್ದವನಿಗೆ ನಲವತ್ತಾರು ವರ್ಷದ ಈ ಲೆಕ್ಕ ಕಂಡಿರಲಿಲ್ಲ.

ಇಂಥ ಕಾರ್ಯಕ್ರಮಗಳು ಯಾಕೆ ಇಷ್ಟವಾಗುತ್ತವೆ ಎಂದು ಈಗ ನನಗೆ ಗೊತ್ತಾಗಿದೆ. ನಮ್ಮ ಮನೆಗಳಲ್ಲಿ ಅಡುಗೆಮನೆಯ ಒಳಗೇ ಉಳಿದುಬಿಡುವ ಚೂರುಗಳನ್ನು ಅವು ಎಲ್ಲರೆದುರು ಇಡುತ್ತವೆ. ಅದನ್ನು ಕಂಡಾಗ ನನ್ನಂಥ ಅಂಜುಬುರುಕನಿಗೂ ಒಳಗೆ ಹೋಗುವ ಧೈರ್ಯ ಬರುತ್ತದೆ.

ಮಕ್ಕಳೇ, ಈ ಭಾನುವಾರ ನಿಮ್ಮ ತಾತನನ್ನೂ ಅಡುಗೆಮನೆಗೆ ಕರೆದುಕೊಂಡು ಹೋಗಿ. ಒಲೆಯ ಹತ್ತಿರ ಹಿರಿಯರು ಇರಲಿ, ಹಿಟ್ಟು ನೀವು ಕಲಸಿ.

ನನ್ನಾಕೆಯ ಕೈ ಈಗ ಸರಿಹೋಗಿದೆ. ಆದರೂ ನಮ್ಮ ಮನೆಯಲ್ಲಿ ಭಾನುವಾರದ ಅಕ್ಕಿರೊಟ್ಟಿ ನನ್ನದೇ. ಮೊದಲ ಇಡೀ ರೊಟ್ಟಿ ಅವಳ ತಟ್ಟೆಗೆ. ಚೂರಾದದ್ದು ನನಗೆ.