ರೈಫಲ್‌ಗೆ ಬೈಪಾಡ್: ಆರಿಸೋದು ಹೇಗೆ?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರಿ ಪೊಸಿಷನ್ಸ್‌ನಲ್ಲಿ ಕಂಚು ಗೆದ್ದಿದ್ದನ್ನ ನೀವು ಮೊಬೈಲ್‌ನಲ್ಲೇ ನೋಡಿರ್ತೀರಿ. ಅಲ್ಲಿ ಬೈಪಾಡ್ ಇಡೋ ಹಾಗಿಲ್ಲ. ಶೂಟರ್‌ನ ಮೈ, ಮೊಣಕೈ, ತೋಳಿಗೆ ಬಿಗಿದ ಪಟ್ಟಿ, ಇಷ್ಟೇ ಆಸರೆ. ಹಾಗಾದ್ರೆ ಗೇಮ್‌ಗಳಲ್ಲಿ ಕಾಣೋ ಆ ಎರಡು ಕಾಲಿನ ಸ್ಟ್ಯಾಂಡ್ ನಿಜವಾದ ಕ್ರೀಡೆಯಲ್ಲಿ ಎಲ್ಲಿದೆ?

ಮುಖ್ಯವಾಗಿ ಎಫ್-ಕ್ಲಾಸ್‌ನಲ್ಲಿ. ಕೆನಡಾದ ಜಾರ್ಜ್ ಫಾರ್ಕರ್‌ಸನ್ ಹೆಸರಿನಿಂದ ಬಂದ ‘ಎಫ್’ ಅದು. ನೆಲದ ಮೇಲೆ ಮಲಗಿ, 1000 ಗಜ ದೂರದವರೆಗೂ ಗುರಿ ಹೊಡೆಯುವ ಆಟ. ಇದರ ಎಫ್-ಟಿಆರ್ ವಿಭಾಗದಲ್ಲಿ ಮುಂದೆ ಬೈಪಾಡ್, ಹಿಂದೆ ಮರಳಿನ ಚೀಲ. ರೈಫಲ್, ದುರ್ಬೀನು, ಬೈಪಾಡ್ ಎಲ್ಲಾ ಸೇರಿ ತೂಕ 8.25 ಕೆ.ಜಿ. ದಾಟಬಾರದು. ಬೈಪಾಡ್ ಭಾರ ಆದಷ್ಟೂ ಬ್ಯಾರೆಲ್‌ಗೆ ಉಳಿಯೋ ತೂಕ ಕಡಿಮೆ. ಅದಕ್ಕೇ ಇಲ್ಲಿನ ಬೈಪಾಡ್‌ಗಳು ಹಗುರ, ಆದ್ರೆ ಕಾಲು ಬಹಳ ಅಗಲ. ಪಾದಗಳು ಹೆಚ್ಚಾಗಿ ಸ್ಕೀ ಥರ ಇರ್ತವೆ. ಗುಂಡು ಹಾರಿದಾಗ ರೈಫಲ್ ಪಕ್ಕಕ್ಕೆ ಜಿಗಿಯದೆ ನೇರ ಹಿಂದಕ್ಕೆ ಜಾರಬೇಕು, ಅದಕ್ಕೆ.

ಪ್ರಿಸಿಷನ್ ರೈಫಲ್ ಪಂದ್ಯಗಳ ಕಥೆಯೇ ಬೇರೆ. ಅಲ್ಲಿ ಗಡಿಯಾರ ಓಡ್ತಿರುತ್ತೆ. ಒಮ್ಮೆ ನೆಲ, ಒಮ್ಮೆ ಹಲಗೆ, ಒಮ್ಮೆ ಛಾವಣಿಯಂಥ ಇಳಿಜಾರು. ಅಗಲ ಕಾಲಿನ ಸ್ಕೀ ಅಲ್ಲಿ ಕೂರೋದೇ ಇಲ್ಲ. ಬೇಕಾಗೋದು ಥಟ್ಟನೆ ಉದ್ದ ಬದಲಿಸಬಹುದಾದ ಕಾಲು, ಹಿಡಿತ ಕೊಡುವ ರಬ್ಬರ್ ಪಾದ. ಹ್ಯಾರಿಸ್, ಅಟ್ಲಾಸ್ ಥರದ ಬೈಪಾಡ್‌ಗಳು ಹೆಚ್ಚು ಕಾಣೋದು ಇಲ್ಲೇ. ಅಂದ್ರೆ ‘ಯಾವುದು ಬೆಸ್ಟ್?’ ಅಂತ ಕೇಳೋ ಮೊದಲು ‘ಎಲ್ಲಿ ಇಡ್ತೀನಿ?’ ಅಂತ ಕೇಳ್ಕೋಬೇಕು.

ಆಮೇಲೆ ಮೂರು ವಿಷಯ ನೋಡಿ.

ಒಂದು, ಎತ್ತರ. ಮಲಗಿ ಹೊಡೆಯೋರಿಗೆ ಸಾಮಾನ್ಯವಾಗಿ 6ರಿಂದ 9 ಇಂಚು ಸಾಕು. ಕಾಲು ಉದ್ದ ಆದಷ್ಟೂ ಅಲುಗಾಟ ಜಾಸ್ತಿ. ಹಾಗಂತ ತೀರಾ ಗಿಡ್ಡ ಆದ್ರೆ ಕತ್ತು ನೋಯುತ್ತೆ.

ಎರಡು, ವಾಲು ಸರಿಪಡಿಸೋ ವ್ಯವಸ್ಥೆ. ದುಡ್ಡು ಹಾಕೋದಿದ್ರೆ ಇದಕ್ಕೇ ಹಾಕಿ. 1000 ಗಜಕ್ಕೆ ಹೊಡೆಯುವಾಗ ಗುಂಡು ದಾರಿಯಲ್ಲಿ ಕೆಳಗೆ ಬೀಳುತ್ತೆ. ಅದನ್ನ ತುಂಬೋಕೆ .308 ರೈಫಲ್‌ನ ಬ್ಯಾರೆಲ್ ಟಾರ್ಗೆಟ್‌ಗಿಂತ ಸುಮಾರು 30 ಅಡಿ ಮೇಲಕ್ಕೆ ಮುಖ ಮಾಡಿರುತ್ತೆ. ರೈಫಲ್ ಬರೀ 1 ಡಿಗ್ರಿ ಪಕ್ಕಕ್ಕೆ ವಾಲಿದ್ರೂ ಆ ಎತ್ತರದ ಒಂದು ಪಾಲು ಪಕ್ಕಕ್ಕೆ ತಿರುಗಿ, ಗುಂಡು ಸುಮಾರು 6 ಇಂಚು ಆಚೆ ಬೀಳುತ್ತೆ. ಅಮೆರಿಕದ ಎಫ್-ಕ್ಲಾಸ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲ 10 ಇಂಚು. ನಡುವಿನಿಂದ ಅಂಚಿಗೆ ಐದೇ ಇಂಚು! ಕಣ್ಣಿಗೆ ಕಾಣದ ವಾಲು ಅಂಕ ತಿಂದುಬಿಡ್ತು. ನೆಲ ಎಲ್ಲೂ ಸಮ ಇರೋದಿಲ್ಲ. ಹಾಗಾಗಿ ರೈಫಲ್ ಆಚೀಚೆ ವಾಲಿಸಿ ಬಿಗಿ ಮಾಡೋ ಸೌಲಭ್ಯ, ದುರ್ಬೀನಿನ ಮೇಲೊಂದು ಮಟ್ಟದ ಗುಳ್ಳೆ, ಎರಡೂ ಇರಲಿ.

ಮೂರು, ಜೋಡಣೆ. ಬೈಪಾಡ್ ಎಷ್ಟೇ ಗಟ್ಟಿ ಇದ್ರೂ ಅದು ಸ್ಟಾಕ್‌ಗೆ ಸೇರೋ ಜಾಗ ಅಲುಗಿದ್ರೆ ಪ್ರಯೋಜನ ಇಲ್ಲ. ಇನ್ನೊಂದು ಅಪಾಯ ಪ್ಲಾಸ್ಟಿಕ್ ಸ್ಟಾಕ್. ಭುಜದಿಂದ ರೈಫಲ್ ಮುಂದಕ್ಕೆ ಒತ್ತಿ ಬೈಪಾಡ್ ಮೇಲೆ ಭಾರ ಹಾಕೋದು ಅನೇಕರ ಅಭ್ಯಾಸ. ಸ್ಟಾಕ್ ಮೆತ್ತಗಿದ್ರೆ ಅದು ಬಾಗಿ ಬ್ಯಾರೆಲ್‌ಗೆ ತಾಗುತ್ತೆ, ಗುಂಡು ಬೀಳೋ ಜಾಗ ಬದಲಾಗುತ್ತೆ. ಆಗ ಬೈಪಾಡ್ ಬದಲಿಸಿದ್ರೂ ಗುಣ ಕಾಣಲ್ಲ.

ಪರೀಕ್ಷೆ ಸುಲಭ. ರೇಂಜ್‌ನಲ್ಲಿ, ಅಧಿಕಾರಿ ಅನುಮತಿ ಕೊಟ್ಟ ಮೇಲೆ, ಐದು ಗುಂಡು ಹೊಡೀರಿ. ರೈಫಲ್ ಖಾಲಿ ಮಾಡಿ, ಎದ್ದು, ಬೈಪಾಡ್ ಎತ್ತಿ ಮತ್ತೆ ಇಡಿ. ಇನ್ನೈದು ಹೊಡೀರಿ. ಎರಡೂ ಗುಂಪು ಒಂದೇ ಜಾಗಕ್ಕೆ ಬಿದ್ರೆ ನಿಮ್ಮ ಬೈಪಾಡ್ ಅದರ ಕೆಲಸ ಮಾಡ್ತಿದೆ. ಬೈಪಾಡ್ ಯಾರನ್ನೂ ಒಳ್ಳೆ ಶೂಟರ್ ಮಾಡಲ್ಲ. ಪ್ರತಿ ಸಲ ಒಂದೇ ಥರ ಶುರು ಮಾಡೋಕೆ ಬಿಡುತ್ತೆ, ಅಷ್ಟೇ.